ಸೌಂಡ್ ಇರುವ ಹಳೆ ಸಿನಿಮಾ ಪ್ರೊಜೆಕ್ಟರ್ ಕೊಳ್ಳುವುದು ಹೇಗೆ? ಬಳ್ಳಾರಿ ಕಡೆಯವರಿಗೆ ಸಮಗ್ರ ಮಾರ್ಗದರ್ಶಿ

ಹಳೆ ಪ್ರೊಜೆಕ್ಟರ್ ಬೇಕು ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ: ನಿಮ್ಮ ಹತ್ತಿರ ಇರುವ ರೀಲು ಯಾವುದು? ಬಹಳಷ್ಟು ಜನಕ್ಕೆ ಗೊತ್ತಿರುವುದಿಲ್ಲ. "ಅಜ್ಜನ ಕಾಲದ್ದು ರೀ, ಟಿ.ಬಿ. ಡ್ಯಾಮಿಗೆ ಹೋದಾಗ ತೆಗೆದದ್ದು" ಅನ್ನುತ್ತಾರೆ. ಮೊದಲು ಆ ಟ್ರಂಕು ತೆಗೆಯಿರಿ. ಯಾವ ಯಂತ್ರ ಬೇಕು ಅನ್ನುವುದನ್ನು ರೀಲೇ ಹೇಳುತ್ತದೆ. ಯಂತ್ರ ಕೊಂಡು ಆಮೇಲೆ ರೀಲು ನೋಡಿದವರ ಮನೆಯಲ್ಲಿ ಆ ಯಂತ್ರ ಶೋಕೇಸಿನಲ್ಲಿ ಕೂತಿರುತ್ತದೆ.

ಇನ್ನೊಂದು ಮಾತು ಈಗಲೇ ಹೇಳಿಬಿಡುತ್ತೇನೆ. ಹಳೆ ಪ್ರೊಜೆಕ್ಟರಿನಲ್ಲಿ ಚಿತ್ರದ ಭಾಗ ಗಟ್ಟಿ. ಲೆನ್ಸು, ಶಟರ್, ಲೋಹದ ಗಾಲಿ ಎಲ್ಲ ಐವತ್ತು ವರ್ಷ ಆದರೂ ನಡೆಯುತ್ತವೆ. ಕೈಕೊಡುವುದು ರಬ್ಬರು ಮತ್ತು ಸೌಂಡು. ಚಿತ್ರದ ದೋಷ ಗೋಡೆ ಮೇಲೆ ತಕ್ಷಣ ಕಾಣುತ್ತದೆ, ಸೌಂಡಿನ ದೋಷ ಮನೆಗೆ ಬಂದ ಮೇಲೆ ಗೊತ್ತಾಗುತ್ತದೆ. ಹಾಗಾಗಿ ಇಲ್ಲಿ ಸೌಂಡಿನ ಬಗ್ಗೆಯೇ ಜಾಸ್ತಿ ಬರೆದಿದ್ದೇನೆ.

ರೀಲು ಗುರುತಿಸಿ

ಶಾಲೆ ಮಕ್ಕಳ ಸ್ಕೇಲು ಸಾಕು. ಫಿಲ್ಮಿನ ಅಗಲ ಅಳೆಯಿರಿ. 16 ಮಿಲಿಮೀಟರ್ ಬಂದರೆ ಅದು 16 ಎಂಎಂ. ಕೊಡಾಕ್ ಇದನ್ನು 1923ರಲ್ಲಿ ತಂದಿತು. ಶಾಲೆ, ಕಾಲೇಜು, ಕಾರ್ಖಾನೆ ಕ್ಲಬ್ಬು, ಹಳ್ಳಿಗಳಲ್ಲಿ ಸಿನಿಮಾ ತೋರಿಸುತ್ತಿದ್ದ ಸರ್ಕಾರದ ಕ್ಷೇತ್ರ ಪ್ರಚಾರದ ಗಾಡಿ, ಎಲ್ಲ ಕಡೆ ಇದೇ ಓಡುತ್ತಿತ್ತು.

8 ಮಿಲಿಮೀಟರ್ ಬಂದರೆ ಎರಡು ಜಾತಿ ಇವೆ. 1932ರ ಹಳೆ ಜಾತಿ ರೆಗ್ಯುಲರ್ 8, 1965ರದ್ದು ಸೂಪರ್ 8. ತೂತು ನೋಡಿ. ರೆಗ್ಯುಲರ್ 8ರಲ್ಲಿ ತೂತು ದೊಡ್ಡದು, ಎರಡು ಚಿತ್ರಗಳ ನಡುವಿನ ಗೆರೆಯ ಪಕ್ಕದಲ್ಲಿರುತ್ತದೆ. ಸೂಪರ್ 8ರಲ್ಲಿ ತೂತು ಸಣ್ಣದು, ಚಿತ್ರದ ಮಧ್ಯಕ್ಕೆ ಸರಿಯಾಗಿ ಬರುತ್ತದೆ. ಫಿಲ್ಮು ಸುತ್ತುವ ಚಕ್ರ, ಅಂದರೆ ಸ್ಪೂಲಿನಲ್ಲೂ ಗೊತ್ತಾಗುತ್ತದೆ: ಸೂಪರ್ 8 ಸ್ಪೂಲಿನ ನಡುವಿನ ಕಂಡಿ ಅಗಲ, ರೆಗ್ಯುಲರ್ 8ರದ್ದು ಕಿರಿದು. ಆದರೆ ಸ್ಪೂಲನ್ನು ಯಾರೋ ಬದಲಾಯಿಸಿರಬಹುದು. ತೂತನ್ನೇ ನಂಬಿ.

ಇನ್ನು ಅಂಚು ನೋಡಿ. ಫಿಲ್ಮಿನ ಅಂಚಿಗೆ ಉದ್ದಕ್ಕೂ ಕಂದು ಬಣ್ಣದ ಪಟ್ಟಿ ಇದ್ದರೆ ಅದು ಮ್ಯಾಗ್ನೆಟಿಕ್ ಸೌಂಡ್. ಕ್ಯಾಸೆಟ್ ಟೇಪಿನಲ್ಲಿ ಇರುವ ಪದಾರ್ಥವನ್ನೇ ಇಲ್ಲಿ ಫಿಲ್ಮಿಗೆ ಹಚ್ಚಿರುತ್ತಾರೆ. ಸೂಪರ್ 8ರಲ್ಲಿ ಎರಡೂ ಅಂಚಿಗೆ ಪಟ್ಟಿ ಕಾಣಬಹುದು. ತೂತು ಇಲ್ಲದ ಬದಿಯದ್ದು ಸೌಂಡಿನ ಪಟ್ಟಿ. ತೂತಿನ ಬದಿಯ ತೆಳು ಪಟ್ಟಿ ಫಿಲ್ಮು ಎರಡೂ ಕಡೆ ಸಮ ದಪ್ಪ ಇರಲಿ ಅಂತ ಹಾಕಿದ್ದು. ಕಂದು ಪಟ್ಟಿಯ ಬದಲು ಕಪ್ಪು-ಬಿಳಿ ಅಂಕುಡೊಂಕು ಗೆರೆ ಕಂಡರೆ ಅದು ಆಪ್ಟಿಕಲ್ ಸೌಂಡ್. 16 ಎಂಎಂ ಪ್ರಿಂಟುಗಳಲ್ಲಿ ಹೆಚ್ಚಾಗಿ ಇದೇ ಇರುತ್ತದೆ. 16 ಎಂಎಂನಲ್ಲಿ ಎರಡೂ ಬದಿಗೆ ತೂತು ಇದ್ದರೆ ಸೌಂಡಿಗೆ ಜಾಗವೇ ಇಲ್ಲ, ಅದು ಮೂಕಿ.

ವರ್ಷವೂ ಸುಳಿವು ಕೊಡುತ್ತದೆ. ಕ್ಯಾಮೆರಾದಲ್ಲೇ ಚಿತ್ರ ಮತ್ತು ಮಾತು ಎರಡೂ ಒಟ್ಟಿಗೆ ಹಿಡಿಯುವ ಸೂಪರ್ 8 ಫಿಲ್ಮನ್ನು ಕೊಡಾಕ್ ತಂದಿದ್ದು 1973ರಲ್ಲಿ. ನಿಮ್ಮ ಮನೆಯ ರೀಲು 1968ರ ಮದುವೆಯದ್ದಾಗಿದ್ದು ಅಂಚಿನಲ್ಲಿ ಪಟ್ಟಿ ಇಲ್ಲದಿದ್ದರೆ, ಅದರಲ್ಲಿ ಯಾವ ಸೌಂಡೂ ಇಲ್ಲ. ಆಗ ಸೌಂಡ್ ಪ್ರೊಜೆಕ್ಟರಿಗೆ ಜಾಸ್ತಿ ದುಡ್ಡು ಕೊಡುವುದರಲ್ಲಿ ಅರ್ಥವಿಲ್ಲ.

ಕೊನೆಗೆ ಮೂಗಿಗೂ ಕೆಲಸ ಇದೆ. ಡಬ್ಬಿ ತೆಗೆದ ತಕ್ಷಣ ಗೋಬಿ ಮಂಚೂರಿ ಗಾಡಿಯ ವಿನೆಗರ್ ಥರ ಹುಳಿ ವಾಸನೆ ಬಡಿದರೆ ಆ ಫಿಲ್ಮು ಕೆಡುತ್ತಿದೆ. ಅಸಿಟೇಟ್ ಅನ್ನುವ ಪ್ಲಾಸ್ಟಿಕ್ಕಿನಲ್ಲಿ ಮಾಡಿದ ಫಿಲ್ಮು ಶಾಖ, ತೇವಕ್ಕೆ ಸಿಕ್ಕಿ ಆಮ್ಲ ಬಿಡುತ್ತದೆ, ಕುಗ್ಗುತ್ತದೆ, ಡೊಂಕಾಗುತ್ತದೆ. ಕುಗ್ಗಿದ ಫಿಲ್ಮಿನ ತೂತು ಪ್ರೊಜೆಕ್ಟರಿನ ಹಲ್ಲಿಗೆ ಸರಿಯಾಗಿ ಕೂರುವುದಿಲ್ಲ, ಹರಿಯುತ್ತದೆ. ಅಂಥದ್ದನ್ನು ಯಾವ ಪ್ರೊಜೆಕ್ಟರಿಗೂ ಹಾಕಬೇಡಿ. ಫಿಲ್ಮ್ ಸ್ಕ್ಯಾನ್ ಮಾಡುವವರಿಗೆ ಬೇಗ ಕೊಡಿ, ಬೇರೆ ರೀಲುಗಳಿಂದ ದೂರ ಇಡಿ.

ನಿಮಗೆ ಬೇಕಿರುವುದು ಆ ಚಿತ್ರ ಒಂದು ಸಲ ನೋಡಿ ಫೋನಿನಲ್ಲಿ ಎಲ್ಲರಿಗೂ ಕಳಿಸುವುದು ಮಾತ್ರವೇ? ಹಾಗಾದರೆ ಪ್ರೊಜೆಕ್ಟರ್ ಬೇಡ, ಸ್ಕ್ಯಾನ್ ಮಾಡಿಸಿ. ಖರ್ಚೂ ಕಡಿಮೆ, ತಲೆನೋವೂ ಕಡಿಮೆ. ಯಂತ್ರ ಓಡಿಸುವ ಖುಷಿ ಬೇಕು ಅನ್ನುವವರು ಮುಂದೆ ಓದಿ.

ಯಾವ ಯಂತ್ರ?

ಸೂಪರ್ 8 ಸೌಂಡಿಗೆ ನಮ್ಮಲ್ಲಿ ಕೇಳಿಬರುವ ಹೆಸರುಗಳು ಜಪಾನಿನ ಎಲ್ಮೋ, ಸಾಂಕ್ಯೋ, ಚಿನಾನ್, ಆಸ್ಟ್ರಿಯಾದ ಯೂಮಿಗ್, ಜರ್ಮನಿಯ ಬಾವರ್. ಎಲ್ಮೋ ಎಸ್‌ಟಿ-1200 ಸಿಕ್ಕರೆ ಚೆನ್ನ. ಹೆಸರಿನಲ್ಲಿರುವ 1200 ಅಂದರೆ 1200 ಅಡಿ ರೀಲು ಹಿಡಿಯುತ್ತದೆ. 16 ಎಂಎಂಗೆ ಬೆಲ್ ಅಂಡ್ ಹೋವೆಲ್, ಎಲ್ಮೋ, ಐಕಿ. ಇವೆಲ್ಲ ಮಾಡುವುದು ನಿಂತು ದಶಕಗಳಾದವು. ಹಾಗಾಗಿ ಹೆಸರಿಗಿಂತ ನಿಮ್ಮ ಎದುರಿಗಿರುವ ಆ ಒಂದು ಯಂತ್ರದ ಸ್ಥಿತಿ ಮುಖ್ಯ.

ಮೋಸ ಹೋಗುವ ಜಾಗಗಳು ಇಲ್ಲಿವೆ. ಕೆಲವು ಯಂತ್ರಗಳಲ್ಲಿ ಸೂಪರ್ 8, ರೆಗ್ಯುಲರ್ 8 ಎರಡೂ ಓಡುತ್ತವೆ, ಆದರೆ ಸೌಂಡು ಸೂಪರ್ 8ಗೆ ಮಾತ್ರ. ಸೂಪರ್ 8 ಯಂತ್ರಗಳಲ್ಲಿ ಹೆಚ್ಚಿನವು ಮ್ಯಾಗ್ನೆಟಿಕ್ ಮಾತ್ರ ಓದುತ್ತವೆ, ಆಪ್ಟಿಕಲ್ ಓದುವವು ಕಡಿಮೆ. 16 ಎಂಎಂ ಸೌಂಡ್ ಯಂತ್ರಗಳಲ್ಲಿ ಉಲ್ಟಾ: ಆಪ್ಟಿಕಲ್ ಸಾಮಾನ್ಯವಾಗಿ ಎಲ್ಲದರಲ್ಲೂ ಇರುತ್ತದೆ, ಮ್ಯಾಗ್ನೆಟಿಕ್ ಇರುವುದು ಕೆಲವಲ್ಲಿ. ಇನ್ನೊಂದು: ಎರಡೂ ಬದಿ ಹಲ್ಲಿರುವ ಮೂಕಿ 16 ಎಂಎಂ ಪ್ರೊಜೆಕ್ಟರಿಗೆ ಸೌಂಡ್ ಫಿಲ್ಮು ಹಾಕಿದರೆ ಆ ಹಲ್ಲುಗಳು ಸೌಂಡ್ ಗೆರೆಯ ಮೇಲೆಯೇ ತೂತು ಕೊರೆಯುತ್ತವೆ. ಅಗ್ಗಕ್ಕೆ ಸಿಕ್ಕಿತು ಅಂತ ಅದನ್ನು ತರಬೇಡಿ.

ಎಲ್ಲಿ ಹುಡುಕುವುದು

ಬಳ್ಳಾರಿ, ರಾಯಚೂರಿನಲ್ಲಿ ಇದಕ್ಕೆ ಅಂಗಡಿ ಅಂತ ಇಲ್ಲ. ಬಾಯಿಂದ ಬಾಯಿಗೆ ಹೋಗಬೇಕು. ಹಳೆ ಫೋಟೋ ಸ್ಟುಡಿಯೋದವರು, ಮೈಕ್ ಸೆಟ್ ಬಾಡಿಗೆ ಕೊಡುವವರು, ಟಾಕೀಸಿನಲ್ಲಿ ಆಪರೇಟರ್ ಆಗಿದ್ದ ಹಿರಿಯರು, ಗುಜರಿ ಅಂಗಡಿಯವರು, ಈ ನಾಲ್ಕು ಕಡೆ ಒಂದು ಮಾತು ಹಾಕಿಡಿ. ಆಪರೇಟರ್ ಕೆಲಸ ಮಾಡಿದವರು ಸಿಕ್ಕರೆ ಬಿಡಬೇಡಿ. ಯಂತ್ರ ನೋಡಲು ಹೋಗುವಾಗ ಜೊತೆಗೆ ಬರುವಂತೆ ಕೇಳಿ, ಊಟ ಹಾಕಿಸಿ. ಅವರು ಕಿವಿಯಲ್ಲೇ ಅರ್ಧ ದೋಷ ಹಿಡಿಯುತ್ತಾರೆ. ಶಾಲೆ, ಕಾಲೇಜುಗಳು ಹಳೆ ಸಾಮಾನು ಹರಾಜು ಹಾಕಿದಾಗ 16 ಎಂಎಂ ಯಂತ್ರ ಬರುವುದುಂಟು. ಆದರೆ ಅದು ಗೋದಾಮಿನಲ್ಲಿ ವರ್ಷಗಟ್ಟಲೆ ಬಿದ್ದಿರುತ್ತದೆ, ಓಡಿಸಿ ನೋಡಲು ಬಿಡುವುದಿಲ್ಲ. ಓಡದ ಯಂತ್ರದ ರೇಟಿಗೆ ಸಿಕ್ಕರೆ ಮಾತ್ರ ಕೂಗಿ.

ಹೊರಗೆ ಹೋಗುವುದಾದರೆ ಮುಂಬೈಯ ಚೋರ್ ಬಜಾರ್, ಹೈದರಾಬಾದಿನ ಗುರುವಾರದ ಜುಮ್ಮೇರಾತ್ ಬಜಾರ್, ಬೆಂಗಳೂರಿನ ಭಾನುವಾರದ ಸಂತೆ ಇವೆ. ರಾಯಚೂರಿನವರಿಗೆ ಒಂದು ಅನುಕೂಲ: ಮುಂಬೈ ರೈಲು ಮನೆ ಬಾಗಿಲಲ್ಲೇ ಇದೆ, ಉದ್ಯಾನ್ ಎಕ್ಸ್‌ಪ್ರೆಸ್ ಹಿಡಿದರೆ ಯಂತ್ರವನ್ನು ಕಣ್ಣೆದುರಿಗೇ ಇಟ್ಟುಕೊಂಡು ಬರಬಹುದು. ಇಂಟರ್ನೆಟ್‌ನಲ್ಲಿ ವಿದೇಶದಿಂದ ತರಿಸುವ ಆಸೆ ಬಂದರೆ, ಬೆಲೆಯ ಜೊತೆ ಸಾಗಣೆ ಮತ್ತು ಕಸ್ಟಮ್ಸ್ ಸುಂಕ ಕೂಡಿಸಿ ನೋಡಿ. ಭಾರದ ವಸ್ತು ಇದು. ಕೂಡಿಸಿದ ಮೇಲೆ ಆಸೆ ಸಾಮಾನ್ಯವಾಗಿ ತಾನೇ ಇಳಿಯುತ್ತದೆ.

ಹೋಗುವ ಮೊದಲು ಫೋನಿನಲ್ಲಿ

ಮಾರುವವರು ಹೇಳುವ ಮಾತು ಒಂದೇ: "ಬಾಳ ಚಲೋ ಐತ್ರಿ, ಮೊನ್ನೆ ತನಕ ಓಡ್ತಿತ್ತು." ಜಗಳ ಬೇಡ. ಮಾಡೆಲ್ ತಗಡಿನ ಫೋಟೋ ವಾಟ್ಸಾಪ್ ಮಾಡಿ ಅನ್ನಿ. ಅದರಲ್ಲಿ ವೋಲ್ಟ್, ಹರ್ಟ್ಸ್, ಬಲ್ಬಿನ ನಂಬರ್ ಇರುತ್ತದೆ. ಆಮೇಲೆ ಒಂದು ವಿಡಿಯೋ ಕೇಳಿ: ಫಿಲ್ಮು ಹಾಕಿ, ಬಲ್ಬು ಹಚ್ಚಿ, ಸ್ಪೀಕರಿನಿಂದ ಸೌಂಡು ಬರುವುದು ಕೇಳಬೇಕು. "ರೀಲಿಲ್ಲ ರೀ" ಅಂದರೆ ಸೌಂಡು ಯಾರೂ ಪರೀಕ್ಷಿಸಿಲ್ಲ ಅಂತ ಅರ್ಥ. ಆಗ ಅದು ಸೌಂಡ್ ಪ್ರೊಜೆಕ್ಟರ್ ಅಲ್ಲ, ಮೂಕಿ ಅಂತಲೇ ಲೆಕ್ಕ ಹಾಕಿ ರೇಟು ಮಾತಾಡಿ.

ವೋಲ್ಟಿನ ವಿಷಯ ಗಮನಿಸಿ. ನಮ್ಮದು 230 ವೋಲ್ಟ್, 50 ಹರ್ಟ್ಸ್. ಅಮೆರಿಕದ ಯಂತ್ರ 120 ವೋಲ್ಟ್, 60 ಹರ್ಟ್ಸ್. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿದರೆ ವೋಲ್ಟ್ ಸರಿಹೋಗುತ್ತದೆ, ಹರ್ಟ್ಸ್ ಸರಿಹೋಗುವುದಿಲ್ಲ. ಸಾದಾ ಎಸಿ ಮೋಟರ್ ಇದ್ದರೆ ಸೆಕೆಂಡಿಗೆ 24 ಚಿತ್ರ ಓಡಬೇಕಾದದ್ದು 20ಕ್ಕೆ ಇಳಿಯುತ್ತದೆ. ಮೂಕಿ ಚಿತ್ರವಾದರೆ ಹೇಗೋ ನಡೆದೀತು. ಸೌಂಡಿನಲ್ಲಿ ಹೆಂಗಸರ ದನಿಯೂ ಗಂಡಸರ ದನಿ ಆಗುತ್ತದೆ. ಕೆಲವು ಮಾಡೆಲ್‌ಗಳಲ್ಲಿ 50 ಹರ್ಟ್ಸಿಗೆ ಬೇರೆ ಪುಲ್ಲಿ ಇರುತ್ತದೆ, ಬೆಲ್ಟು ಅದಕ್ಕೆ ದಾಟಿಸಿದರೆ ಸಾಕು. ಪುಲ್ಲಿ ಇದೆಯಾ ಅಂತ ಕೇಳಿ.

ಚೀಲದಲ್ಲಿ ಏನಿರಬೇಕು

ನಿಮ್ಮದೇ ಒಂದು ಸೌಂಡ್ ರೀಲು, ಆದರೆ ಹಾಳಾದರೂ ಅಳು ಬರದಂಥದ್ದು. ಮದುವೆಯ ರೀಲು ತೆಗೆದುಕೊಂಡು ಹೋಗಬೇಡಿ. ಟಾರ್ಚು, ಸಣ್ಣ ಸ್ಕ್ರೂಡ್ರೈವರ್, ಹತ್ತಿ ಕಡ್ಡಿ, ಐಸೊಪ್ರೊಪೈಲ್ ಆಲ್ಕೋಹಾಲ್, ಒಂದು ವಿಸಿಟಿಂಗ್ ಕಾರ್ಡ್. ಆಮೇಲೆ ಒಂದು ಸೀರೀಸ್ ಬೋರ್ಡ್. ಅಂದರೆ ನಮ್ಮ ರೇಡಿಯೋ ರಿಪೇರಿಯವರು ಇಟ್ಟುಕೊಂಡಿರುವ, 100 ಅಥವಾ 200 ವ್ಯಾಟಿನ ಹಳೆ ಗಾಜಿನ ಬಲ್ಬಿನ ಮೂಲಕ ಕರೆಂಟು ಹಾಯಿಸುವ ಬೋರ್ಡು. ಎಲ್‌ಇಡಿ ಬಲ್ಬು ಇದಕ್ಕೆ ಆಗದು. ಆಪರೇಟರ್ ಅಣ್ಣ ಬಂದಿದ್ದರೆ ಕಾರ್ಡು, ಬೋರ್ಡು ಎಲ್ಲ ಅವರ ಹತ್ತಿರವೇ ಇರುತ್ತದೆ.

ಕರೆಂಟು ಕೊಡುವ ಮುಂಚೆ

ಮುಚ್ಚಳ ತೆಗೆದು ಟಾರ್ಚ್ ಹಿಡಿಯಿರಿ. ಬೆಲ್ಟು ಮುಟ್ಟಿ. ಬಿರುಕು ಬಿಟ್ಟಿದೆಯಾ, ಇಲ್ಲ ಕರಗಿ ಡಾಂಬರಿನಂತೆ ಅಂಟುತ್ತಿದೆಯಾ? ಎರಡೂ ಸಾಮಾನ್ಯ, ಎರಡಕ್ಕೂ ಪರಿಹಾರ ಇದೆ, ರೇಟು ಇಳಿಸಲು ಕಾರಣವೂ ಹೌದು. ಕೆಲವು ಯಂತ್ರಗಳಲ್ಲಿ ಬೆಲ್ಟಿನ ಬದಲು ರಬ್ಬರ್ ಗಾಲಿ ಮೋಟರಿಗೆ ಒರಗಿರುತ್ತದೆ. ಯೂಮಿಗ್‌ನಲ್ಲಿ ಹೀಗೆ ಇರುತ್ತದೆ. ಅದು ಗಟ್ಟಿಯಾಗಿದ್ದರೆ ಅಥವಾ ಒಂದೇ ಕಡೆ ಚಪ್ಪಟೆಯಾಗಿದ್ದರೆ ಸೌಂಡು ಜೋಲಿ ಹೊಡೆಯುತ್ತದೆ.

ಬೆಲ್ ಅಂಡ್ ಹೋವೆಲ್ 16 ಎಂಎಂ ಯಂತ್ರ ನೋಡುವವರು ಪ್ಲಾಸ್ಟಿಕ್ ವರ್ಮ್ ಗೇರ್ (ಸ್ಕ್ರೂವಿನಂತೆ ಸುರುಳಿ ಹಲ್ಲಿರುವ ಗೇರು) ಎಲ್ಲಿದೆ ಅಂತ ಹುಡುಕಿ ನೋಡಲೇಬೇಕು. ವಯಸ್ಸಾದ ಮೇಲೆ ಅದು ಸೀಳುತ್ತದೆ. ಈ ಮಾಡೆಲ್‌ಗಳ ಹೆಸರುವಾಸಿ ಕಾಯಿಲೆ ಅದು. ಸೀಳಿದ ಗೇರಿನ ಯಂತ್ರವನ್ನು ಓಡಿಸಿ ತೋರಿಸುತ್ತೇನೆ ಅಂದರೂ ಬೇಡ ಅನ್ನಿ, ಇನ್ನಷ್ಟು ಮುರಿಯುತ್ತದೆ.

ಕೈಯಲ್ಲಿ ತಿರುಗಿಸುವ ಗುಂಡಿ ಇದ್ದರೆ ನಿಧಾನವಾಗಿ ತಿರುಗಿಸಿ. ಫಿಲ್ಮು ಎಳೆಯುವ ಕೊಕ್ಕೆ ಗೇಟಿನಲ್ಲಿ, ಅಂದರೆ ಲೆನ್ಸಿನ ಹಿಂದೆ ಫಿಲ್ಮು ಹಾಯುವ ಕಿಂಡಿಯಲ್ಲಿ, ಬಂದು ಹೋಗುವುದು ಕಾಣಬೇಕು. ಗೇಟಿನ ಹಾದಿಯಲ್ಲಿ ಬೆರಳಾಡಿಸಿ. ತುಕ್ಕು, ಗೀರು, ಒಣಗಿದ ಫಿಲ್ಮಿನ ಪುಡಿ ಇದ್ದರೆ ಪ್ರತಿ ರೀಲಿನ ಮೇಲೂ ಉದ್ದ ಗೆರೆ ಬೀಳುತ್ತದೆ. ಸಂಡೂರು, ಹೊಸಪೇಟೆ ಕಡೆಯಿಂದ ಬಂದ ಯಂತ್ರದಲ್ಲಿ ಕೆಂಪು ಧೂಳು ಇದ್ದೇ ಇರುತ್ತದೆ. ಅದು ಕಬ್ಬಿಣದ ಅದಿರಿನ ಧೂಳು, ಮೆತ್ತಗಿನದಲ್ಲ. ಗ್ರೀಸಿಗೆ ಸೇರಿದ್ದರೆ ಗೇರು ತಿನ್ನುತ್ತದೆ. ಎಲ್ಲ ಒರೆಸಿ ಹೊಸ ಗ್ರೀಸು ಹಾಕುವ ಕೆಲಸ ಇದೆ ಅಂತ ಲೆಕ್ಕ ಹಿಡಿಯಿರಿ.

ಲೆನ್ಸು ಬೆಳಕಿಗೆ ಹಿಡಿದು ನೋಡಿ. ಜೇಡರ ಬಲೆಯಂಥ ಎಳೆ ಇದ್ದರೆ ಫಂಗಸ್. ನಮ್ಮ ಒಣ ಹವೆಯಲ್ಲಿ ಇದು ಕಡಿಮೆ, ಮುಂಬೈ, ಮಂಗಳೂರಿನಿಂದ ಬಂದದ್ದರಲ್ಲಿ ಜಾಸ್ತಿ. ಬಲ್ಬು ಉರಿಯದಿದ್ದರೆ ಗಾಬರಿ ಬೇಡ, ನಂಬರ್ ನೋಡಿ. 12 ವೋಲ್ಟ್ 100 ವ್ಯಾಟಿನ ಇಎಫ್‌ಪಿ, 15 ವೋಲ್ಟ್ 150 ವ್ಯಾಟಿನ ಇಎಫ್‌ಆರ್, 24 ವೋಲ್ಟ್ 250 ವ್ಯಾಟಿನ ಇಎಲ್‌ಸಿ, ಇವು ಬೇರೆ ಉಪಕರಣಗಳಲ್ಲೂ ಬಳಕೆಯಾಗುವ ಹ್ಯಾಲೊಜೆನ್ ಬಲ್ಬುಗಳು, ಆನ್‌ಲೈನಿನಲ್ಲಿ ಸಿಗುತ್ತವೆ. ಯಾರೂ ಕೇಳಿರದ ನಂಬರ್ ಇದ್ದರೆ, ಬಲ್ಬು ಸಿಗುತ್ತದೋ ಇಲ್ಲವೋ ಅಂತ ಅಲ್ಲೇ ಫೋನಿನಲ್ಲಿ ಹುಡುಕಿ ನೋಡಿ, ಆಮೇಲೆ ಮಾತು ಮುಂದುವರಿಸಿ.

ಕೊನೆಗೆ ಹಿಂದೆ ಅಥವಾ ಕೆಳಗೆ ಇರುವ ವೋಲ್ಟ್ ಸೆಲೆಕ್ಟರ್. 110, 130, 150, 220, 240 ಅಂತ ಬರೆದಿರುತ್ತದೆ. ಯಾರಾದರೂ 110ಕ್ಕೆ ಇಟ್ಟು ಮರೆತಿದ್ದರೆ ಪ್ಲಗ್ಗು ಹಾಕಿದ ಕ್ಷಣ ಹೊಗೆ. 240 ಅಥವಾ 220ಕ್ಕೆ ಇಟ್ಟುಕೊಳ್ಳಿ.

ಕರೆಂಟು ಕೊಟ್ಟು, ಫಿಲ್ಮಿಲ್ಲದೆ

ಮೊದಲು ಸೀರೀಸ್ ಬೋರ್ಡಿನಲ್ಲಿ ಹಾಕಿ. ಬೋರ್ಡಿನ ಬಲ್ಬು ಝಗ್ಗನೆ ಪೂರ್ತಿ ಉರಿದು ಹಾಗೇ ನಿಂತರೆ ಒಳಗೆ ಶಾರ್ಟ್ ಇದೆ. ತೆಗೆದುಬಿಡಿ. ಮಂಕಾಗಿ ಉರಿದರೆ ಪರವಾಗಿಲ್ಲ. ಪ್ರೊಜೆಕ್ಟರಿನ ಸ್ವಂತ ಬಲ್ಬು ಹಚ್ಚದೆ ನೋಡಿ, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ಆಮೇಲೆ ನೇರ ಪ್ಲಗ್ಗಿಗೆ ಹಾಕಿ. ಹಳೆ ಯಂತ್ರಗಳ ವೈರಿನ ಹೊದಿಕೆ ಒಡೆದಿರುತ್ತದೆ, ಅರ್ತ್ ಇಲ್ಲದ ಎರಡು ಪಿನ್ನಿನ ಪ್ಲಗ್ಗೂ ಇರುತ್ತದೆ. ಓಡುವಾಗ ಲೋಹದ ಮೈ ಮುಟ್ಟಬೇಡಿ, ಟೆಸ್ಟರ್ ಹಚ್ಚಿ ನೋಡಿ.

ಮೋಟರ್ ಮುಂದಕ್ಕೆ, ಹಿಂದಕ್ಕೆ ಓಡಬೇಕು. ಫ್ಯಾನ್ ತಿರುಗಲೇಬೇಕು, ಇಲ್ಲದಿದ್ದರೆ ಬಲ್ಬಿನ ಬಿಸಿಗೆ ಫಿಲ್ಮು ಸುಡುತ್ತದೆ. ವೇಗದ ಸ್ವಿಚ್ಚನ್ನು 18ಕ್ಕೂ 24ಕ್ಕೂ ಹಾಕಿ ನೋಡಿ. ಸೂಪರ್ 8 ಮನೆ ಚಿತ್ರಗಳು ಸಾಮಾನ್ಯವಾಗಿ ಸೆಕೆಂಡಿಗೆ 18, 16 ಎಂಎಂ ಸೌಂಡು 24.

ಸೌಂಡು: ಇಲ್ಲಿ ಆತುರ ಬೇಡ

ಮೊದಲು ಒಂದು ವಿಷಯ ತಿಳಿದುಕೊಂಡರೆ ಉಳಿದದ್ದೆಲ್ಲ ಸುಲಭ. ಲೆನ್ಸಿನ ಹಿಂದೆ ಫಿಲ್ಮು ನಿಂತು ನಿಂತು ಚಲಿಸುತ್ತದೆ. ಒಂದು ಚಿತ್ರ ನಿಲ್ಲುತ್ತದೆ, ಬೆಳಕು ಬೀಳುತ್ತದೆ, ಮುಂದಿನದು ಬರುತ್ತದೆ. ಆದರೆ ಸೌಂಡಿಗೆ ಫಿಲ್ಮು ನಿಲ್ಲದೆ ಒಂದೇ ಸಮ ಹರಿಯಬೇಕು. ಹಾಗಾಗಿ ಸೌಂಡು ಓದುವ ಭಾಗ, ಅಂದರೆ ಸೌಂಡ್ ಹೆಡ್ಡು, ಗೇಟಿನಿಂದ ದೂರ ಇರುತ್ತದೆ, ನಡುವೆ ಫಿಲ್ಮಿನ ಒಂದು ಸಡಿಲ ಬಾಗು ಇರುತ್ತದೆ. ಅದನ್ನು ಲೂಪ್ ಅನ್ನುತ್ತಾರೆ. ಆ ದೂರಕ್ಕೆ ತಕ್ಕಂತೆ ಫಿಲ್ಮಿನಲ್ಲೂ ಸೌಂಡನ್ನು ಚಿತ್ರಕ್ಕಿಂತ ಮುಂದೆ ಬರೆದಿರುತ್ತಾರೆ. ಸೂಪರ್ 8 ಮ್ಯಾಗ್ನೆಟಿಕ್‌ನಲ್ಲಿ 18 ಚಿತ್ರ ಮುಂದೆ, 16 ಎಂಎಂ ಆಪ್ಟಿಕಲ್‌ನಲ್ಲಿ 26 ಚಿತ್ರ, ಮ್ಯಾಗ್ನೆಟಿಕ್‌ನಲ್ಲಿ 28 ಚಿತ್ರ ಮುಂದೆ. ಸುಮಾರು ಒಂದು ಸೆಕೆಂಡಿನ ದೂರ. ಕೆಳಗಿನ ಲೂಪ್ ಚಿಕ್ಕದೋ ದೊಡ್ಡದೋ ಆದರೆ ತುಟಿ ಒಂದು, ಮಾತು ಒಂದು. ಮಾತು ತುಟಿಗೆ ಕೂರದಿದ್ದರೆ ಯಂತ್ರ ಕೆಟ್ಟಿದೆ ಅಂತ ತಳ್ಳಬೇಡಿ, ಫಿಲ್ಮು ಬಿಚ್ಚಿ ಲೂಪ್ ಸರಿ ಮಾಡಿ ಮತ್ತೆ ಹಾಕಿ.

ಈಗ ಫಿಲ್ಮಿಲ್ಲದೆ ಆಂಪ್ಲಿಫೈಯರ್ ಹಾಕಿ ವಾಲ್ಯೂಮ್ ಸೊನ್ನೆಗೆ ಇಳಿಸಿ. ಸೊನ್ನೆಯಲ್ಲೂ ಜೋರಾಗಿ "ಹೂಂ" ಅಂತ ಗುಂಯ್‌ಗುಟ್ಟಿದರೆ ಕೆಪಾಸಿಟರ್ ಒಣಗಿವೆ. ರೇಡಿಯೋ ಮೆಕ್ಯಾನಿಕ್ ಬದಲಾಯಿಸುತ್ತಾನೆ, ದೊಡ್ಡ ಖರ್ಚಲ್ಲ. ವಾಲ್ಯೂಮ್ ತಿರುಗಿಸುವಾಗ ಕರಕರ ಅಂದರೆ ಆ ಗುಂಡಿಯೊಳಗೆ ಧೂಳು, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದರೆ ಹೋಗುತ್ತದೆ. ಏನೂ ಸದ್ದೇ ಇಲ್ಲ, ಫುಲ್ ವಾಲ್ಯೂಮಿನಲ್ಲೂ ಸಣ್ಣ ಸುಯ್ ಕೂಡ ಇಲ್ಲ ಅಂದರೆ ಆಂಪ್ಲಿಫೈಯರ್ ಸತ್ತಿದೆ ಅಥವಾ ಸ್ಪೀಕರ್ ತಂತಿ ಕಿತ್ತಿದೆ. ತೀರಾ ಹಳೆ 16 ಎಂಎಂ ಯಂತ್ರದಲ್ಲಿ ವಾಲ್ವ್ ಇದ್ದರೆ ಬಿಸಿಯಾಗಲು ಅರ್ಧ ನಿಮಿಷ ಕೊಡಿ, ಆಮೇಲೆ ತೀರ್ಮಾನ ಮಾಡಿ.

ಆಪ್ಟಿಕಲ್ ಯಂತ್ರವಾದರೆ ಈಗ ವಿಸಿಟಿಂಗ್ ಕಾರ್ಡಿಗೆ ಕೆಲಸ. ಸೌಂಡ್ ಡ್ರಮ್ಮಿನ (ಸೌಂಡು ಓದುವ ಜಾಗದಲ್ಲಿ ಫಿಲ್ಮು ಬಳಸಿ ಹೋಗುವ ಉರುಳೆ) ಪಕ್ಕದಲ್ಲಿ ಎಕ್ಸೈಟರ್ ಲ್ಯಾಂಪ್ ಅಂತ ಪುಟ್ಟ ಬಲ್ಬು ಇರುತ್ತದೆ. ಅದರ ಬೆಳಕು ಫಿಲ್ಮಿನ ಅಂಚಿನ ಗೆರೆಯನ್ನು ದಾಟಿ ಹಿಂದೆ ಇರುವ, ಬೆಳಕನ್ನು ಕರೆಂಟಾಗಿ ಮಾಡುವ ಫೋಟೋಸೆಲ್ಲಿಗೆ ಬೀಳುತ್ತದೆ, ಬೆಳಕಿನ ಏರಿಳಿತವೇ ಸೌಂಡು. ವಾಲ್ಯೂಮ್ ಸ್ವಲ್ಪ ಏರಿಸಿ, ಆ ಬೆಳಕಿಗೆ ಕಾರ್ಡು ಅಡ್ಡ ಹಿಡಿದು ಪಟಪಟ ಆಡಿಸಿ. ಸ್ಪೀಕರಿನಲ್ಲಿ ಟಪ್ ಟಪ್ ಅಂದರೆ ಫೋಟೋಸೆಲ್, ಆಂಪ್ಲಿಫೈಯರ್, ಸ್ಪೀಕರ್ ಮೂರೂ ಬದುಕಿವೆ. ರೀಲೇ ಇಲ್ಲದ ಗುಜರಿ ಅಂಗಡಿಯಲ್ಲೂ ಈ ಪರೀಕ್ಷೆ ಮಾಡಬಹುದು. ಎಕ್ಸೈಟರ್ ಲ್ಯಾಂಪ್ ಉರಿಯದಿದ್ದರೆ ಅದರ ವೋಲ್ಟ್ ನೋಡಿಕೊಳ್ಳಿ, 4 ವೋಲ್ಟ್ 0.75 ಆಂಪಿನದ್ದು ಬಹಳ ಕಡೆ ಬಳಕೆಯಲ್ಲಿದೆ.

ಮ್ಯಾಗ್ನೆಟಿಕ್ ಹೆಡ್ಡಿಗೆ ಕಾರ್ಡು ಕೆಲಸ ಮಾಡದು. ಮೊದಲು ಹತ್ತಿ ಕಡ್ಡಿಗೆ ಆಲ್ಕೋಹಾಲ್ ಅದ್ದಿ ಹೆಡ್ಡು ಒರೆಸಿ. ಹತ್ತಿ ಕಂದು ಬಣ್ಣಕ್ಕೆ ತಿರುಗುತ್ತದೆ, ಹಳೆ ಪಟ್ಟಿಯ ಪುಡಿ ಅದು. ಸ್ಕ್ರೂಡ್ರೈವರ್ ಹೆಡ್ಡಿನ ಹತ್ತಿರ ತರಬೇಡಿ, ಅದರ ತುದಿಯಲ್ಲಿ ಅಯಸ್ಕಾಂತದ ಗುಣ ಇದ್ದರೆ ಹೆಡ್ಡಿಗೂ ಹತ್ತುತ್ತದೆ. ಟಾರ್ಚ್ ಹಾಕಿ ನೋಡಿ: ಹೆಡ್ಡಿನ ಮುಖದ ಮೇಲೆ ಫಿಲ್ಮು ಸವೆಸಿದ ಕಾಲುವೆ ಕಾಣುತ್ತಿದೆಯಾ? ಉಗುರಿಗೆ ತಗಲುವಷ್ಟು ಆಳ ಇದ್ದರೆ ಆ ಯಂತ್ರ ಬಿಡಿ. ಬೆಲ್ಟು ಸಿಗುತ್ತದೆ, ಬಲ್ಬು ಸಿಗುತ್ತದೆ, ಆ ಮಾಡೆಲಿನ ಹೆಡ್ಡು ಸಿಗುವುದು ಇನ್ನೊಂದು ಯಂತ್ರ ಕೊಂಡಾಗಲೇ.

ಈಗ ನಿಮ್ಮ ರೀಲು ಹಾಕಿ. ಆದರೆ ತಡೆಯಿರಿ, ಅದಕ್ಕೂ ಮೊದಲು ಕೆಂಪು ಗುಂಡಿ ಎಲ್ಲಿದೆ ನೋಡಿಕೊಳ್ಳಿ. ಸೂಪರ್ 8 ಸೌಂಡ್ ಪ್ರೊಜೆಕ್ಟರುಗಳಲ್ಲಿ ಬಹಳಷ್ಟು ರೆಕಾರ್ಡ್ ಕೂಡ ಮಾಡುತ್ತವೆ. ಓಡುತ್ತಿರುವಾಗ ಆ ಗುಂಡಿ ಒತ್ತಿದರೆ ಫಿಲ್ಮಿನಲ್ಲಿದ್ದ ಹಳೆ ದನಿ ಅಳಿಸಿಹೋಗುತ್ತದೆ. ತೀರಿಹೋದ ಅಜ್ಜಿಯ ದನಿ ಅದರಲ್ಲಿದ್ದರೆ ಮತ್ತೆ ಬರುವುದಿಲ್ಲ. ಮನೆಗೆ ತಂದ ಮೇಲೆ ನಾನಾದರೆ ಆ ಗುಂಡಿಯ ಮೇಲೆ ಟೇಪ್ ಅಂಟಿಸುತ್ತೇನೆ.

ಕನಿಷ್ಠ ಹತ್ತು ನಿಮಿಷ ಓಡಿಸಿ. ಎರಡು ನಿಮಿಷ ಚೆನ್ನಾಗಿ ಓಡಿ, ಬಿಸಿಯಾದ ಮೇಲೆ ಸೌಂಡು ಮಾಯವಾಗುವ ಯಂತ್ರಗಳು ಬೇಕಾದಷ್ಟಿವೆ. ರೀಲಿನಲ್ಲಿ ಹಾರ್ಮೋನಿಯಂ, ನಾಗಸ್ವರ, ಶಹನಾಯಿಯಂಥ ಎಳೆದ ಸ್ವರ ಇರುವ ಜಾಗ ಇದ್ದರೆ ಅದೇ ಒಳ್ಳೆ ಪರೀಕ್ಷೆ. ಸ್ವರ ಅಲುಗದೆ ನಿಲ್ಲಬೇಕು. ನಿಧಾನವಾಗಿ ಮೇಲೆ ಕೆಳಗೆ ತೂಗಿದರೆ ರಬ್ಬರ್ ಗಾಲಿ ಅಥವಾ ಬೆಲ್ಟು ಕೆಟ್ಟಿದೆ. ಬೇಗ ಬೇಗ ನಡುಗಿದರೆ ಫಿಲ್ಮನ್ನು ಒತ್ತಿ ಹಿಡಿಯುವ ರೋಲರ್ ಅಥವಾ ವೇಗವನ್ನು ಒಂದೇ ಸಮ ಇಡುವ ಭಾರದ ಗಾಲಿ, ಅಂದರೆ ಫ್ಲೈವೀಲಿನಲ್ಲಿ ದೋಷ. ಯಂತ್ರ ನಿಲ್ಲಿಸಿ ಫ್ಲೈವೀಲನ್ನು ಬೆರಳಿನಿಂದ ತಿರುಗಿಸಿ ಬಿಡಿ. ಅದು ಸದ್ದಿಲ್ಲದೆ ಬಹಳ ಹೊತ್ತು ತಿರುಗಬೇಕು. ಗಕ್ಕನೆ ನಿಂತರೆ ಒಳಗಿನ ಗ್ರೀಸು ಗಟ್ಟಿಯಾಗಿದೆ.

ಮಾತು ಇರುವ ಜಾಗದಲ್ಲಿ ಸ, ಷ, ಚ ಅಕ್ಷರಗಳನ್ನು ಕೇಳಿ. ಕಂಬಳಿ ಹೊದ್ದು ಮಾತಾಡಿದ ಹಾಗೆ ಮಂದವಾಗಿದ್ದರೆ ಹೆಡ್ಡು ಕೊಳೆಯಾಗಿದೆ, ಓರೆಯಾಗಿದೆ, ಇಲ್ಲ ಸವೆದಿದೆ. ಒರೆಸಿ ಮತ್ತೆ ಕೇಳಿ. ಸರಿಹೋದರೆ ಖುಷಿ. ಚಿತ್ರ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಯಂತ್ರವನ್ನು ಬೈಯಬೇಡಿ, ಅದು ಪ್ರಿಂಟಿನ ಬಣ್ಣ ಮಾಸಿದ್ದು.

ರೀಲು ಬಿಚ್ಚಿ ಬೆಳಕಿಗೆ ಹಿಡಿಯಿರಿ. ಮೊದಲು ಇರದ ಉದ್ದ ಗೆರೆ ಹೊಸದಾಗಿ ಬಿದ್ದಿದೆಯಾ? ತೂತಿನ ಅಂಚು ಹರಿದಿದೆಯಾ? ಅದಕ್ಕೇ ಹಾಳಾದರೂ ಪರವಾಗಿಲ್ಲದ ರೀಲು ತನ್ನಿ ಅಂದಿದ್ದು.

ರೇಟು ಮಾತಾಡುವುದು

ಮೂರೇ ಮಾತು. ರೀಲು, ಸೌಂಡು ಎರಡೂ ನಿಮ್ಮ ಎದುರು ಹತ್ತು ನಿಮಿಷ ಓಡಿದರೆ ಪೂರ್ತಿ ಬೆಲೆಗೆ ಅರ್ಹ. ಚಿತ್ರ ಬಂದು ಸೌಂಡು ಬರದಿದ್ದರೆ ಮೂಕಿ ಬೆಲೆ. ಓಡದಿದ್ದರೆ ಬಿಡಿಭಾಗದ ಬೆಲೆ, ಅದೂ ನಿಮ್ಮ ಹತ್ತಿರ ಅದೇ ಮಾಡೆಲ್ ಇದ್ದರೆ ಮಾತ್ರ. "ಆಂಟಿಕ್ ಪೀಸ್ ಸಾರ್" ಅನ್ನುವ ಮಾತಿಗೆ ಬೆಲೆ ಕೊಡಬೇಡಿ. ನಿಮಗೆ ಬೇಕಿರುವುದು ಓಡುವ ಯಂತ್ರ, ಅಲ್ವಾ? ಜೊತೆಗೆ ಖಾಲಿ ಸ್ಪೂಲು, ಬಿಡಿ ಬಲ್ಬು, ಪವರ್ ವೈರು, ಮ್ಯಾನುಯಲ್ ಏನಿದ್ದರೂ ಕೇಳಿ ಇಸ್ಕೊಳ್ಳಿ. ಹಳೆ ಯಂತ್ರಗಳ ವೈರಿನ ಪಿನ್ನು ವಿಚಿತ್ರವಾಗಿರುತ್ತದೆ, ಆಮೇಲೆ ಎಲ್ಲೂ ಸಿಗುವುದಿಲ್ಲ.

ಮನೆಗೆ ತರುವಾಗ

ಬಲ್ಬು ಬಿಚ್ಚಿ ಬೇರೆ ಸುತ್ತಿ, ಲೆನ್ಸು ಬಿಚ್ಚಿ ಬೇರೆ ಸುತ್ತಿ. ರೀಲು ಹಿಡಿಯುವ ತೋಳುಗಳನ್ನು ಮಡಚಿ. ಬಸ್ಸಿನ ಪಾರ್ಸಲ್ಲಿಗೆ ಹಾಕಬೇಡಿ, ಸೀಟಿನ ಪಕ್ಕ ಇಟ್ಟುಕೊಳ್ಳಿ.

ಮೊದಲ ಶೋಗೆ ಮುಂಚಿನ ರಿಪೇರಿ

ನಮ್ಮೂರಿನಲ್ಲಿ ಪ್ರೊಜೆಕ್ಟರ್ ಮೆಕ್ಯಾನಿಕ್ ಇಲ್ಲ ಅಂತ ಕೈಚೆಲ್ಲಬೇಡಿ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಯುನಿಟ್ಟುಗಳು ಬೇಕಾದಷ್ಟಿವೆ, ಅವುಗಳ ಹೊಲಿಗೆ ಮಷಿನ್ ರಿಪೇರಿ ಮಾಡುವವರಿಗೆ ಸಣ್ಣ ಗೇರು, ಸಣ್ಣ ಸ್ಕ್ರೂ, ತೆಳು ಎಣ್ಣೆ ಎಲ್ಲ ದಿನದ ಕೆಲಸ. ಬೋರ್‌ವೆಲ್ ಪಂಪಿನ ಮೋಟರ್ ವೈಂಡಿಂಗ್ ಅಂಗಡಿಯವರು ಸುಟ್ಟ ಮೋಟರನ್ನೂ, ಟ್ರಾನ್ಸ್‌ಫಾರ್ಮರನ್ನೂ ಸುತ್ತಿಕೊಡುತ್ತಾರೆ. ಆಂಪ್ಲಿಫೈಯರ್ ಕೆಲಸಕ್ಕೆ ಮೈಕ್ ಸೆಟ್ಟಿನವರು. ಮೂವರ ನಡುವೆ ಒಂದು ಪ್ರೊಜೆಕ್ಟರ್ ಎದ್ದು ಕೂರುತ್ತದೆ. ಒಂದೇ ಎಚ್ಚರ: ಅವರಿಗೆ ಯಂತ್ರ ಪೂರ್ತಿ ಬಿಚ್ಚಲು ಬಿಡಬೇಡಿ. ಕೊಕ್ಕೆ ಮತ್ತು ಶಟರಿನ ತಾಳ ತಪ್ಪಿದರೆ ಚಿತ್ರದಲ್ಲಿ ಮೇಲೆ ಕೆಳಗೆ ಬಿಳಿ ಬೆಳಕು ಸೋರುತ್ತದೆ, ಮತ್ತೆ ಕೂರಿಸುವುದು ಕಷ್ಟ. ಬಿಚ್ಚುವ ಮೊದಲು ಪ್ರತಿ ಹಂತದ ಫೋಟೋ ತೆಗೆಯಿರಿ.

ಬೆಲ್ಟಿಗೆ ಹಳೆ ಬೆಲ್ಟಿನ ಸುತ್ತಳತೆಯನ್ನು ದಾರದಿಂದ ಅಳೆಯಿರಿ. ಕರಗಿಹೋಗಿದ್ದರೆ ಪುಲ್ಲಿಗಳ ಸುತ್ತ ದಾರ ಹಾಕಿ ಅಳೆದು, ಸ್ವಲ್ಪ ಕಡಿಮೆ ಅಳತೆಯದ್ದು ತನ್ನಿ. ಟೇಪ್‌ರೆಕಾರ್ಡರ್ ಬೆಲ್ಟು ಇಟ್ಟಿರುವ ಅಂಗಡಿ ಇನ್ನೂ ಇವೆ, ಹೈಡ್ರಾಲಿಕ್ ಅಂಗಡಿಯ ಓ-ರಿಂಗ್ ಕೂಡ ತಾತ್ಕಾಲಿಕವಾಗಿ ನಡೆಯುತ್ತದೆ. ಅಂಟಿನಂತಾದ ಹಳೆ ರಬ್ಬರನ್ನು ಆಲ್ಕೋಹಾಲಿನಿಂದ ಪೂರ್ತಿ ತೆಗೆಯದೆ ಹೊಸದು ಹಾಕಬೇಡಿ. ಎಣ್ಣೆ ಒಂದೊಂದೇ ಹನಿ, ಅದೂ ಲೋಹಕ್ಕೆ ಮಾತ್ರ. ರಬ್ಬರಿಗೆ, ಹೆಡ್ಡಿಗೆ, ಗೇಟಿಗೆ ಎಣ್ಣೆ ತಾಗಬಾರದು. ಹೊಸ ಹ್ಯಾಲೊಜೆನ್ ಬಲ್ಬನ್ನು ಬಟ್ಟೆಯಲ್ಲಿ ಹಿಡಿದು ಹಾಕಿ. ಬೆರಳಿನ ಜಿಡ್ಡು ಅಂಟಿದ ಜಾಗ ಬಿಸಿಯಾಗಿ ಗಾಜು ಕೆಡುತ್ತದೆ.

ಮೊದಲ ಶೋ

ಗೋಡೆಯ ಮೇಲೆ ಚಿತ್ರ ಎಷ್ಟು ಅಗಲ ಬೀಳುತ್ತದೆ ಅಂತ ಮೊದಲೇ ಲೆಕ್ಕ ಹಾಕಬಹುದು. ಸೂಪರ್ 8ಗೆ ದೂರವನ್ನು 5.4ರಿಂದ ಗುಣಿಸಿ, ಲೆನ್ಸಿನ ಮೇಲೆ ಬರೆದಿರುವ ಎಂಎಂನಿಂದ ಭಾಗಿಸಿ. 20 ಎಂಎಂ ಲೆನ್ಸು, 12 ಅಡಿ ದೂರ ಇದ್ದರೆ ಸುಮಾರು ಮೂರೂಕಾಲು ಅಡಿ ಅಗಲ. 16 ಎಂಎಂಗೆ 5.4ರ ಬದಲು 9.6 ಇಟ್ಟುಕೊಳ್ಳಿ. 50 ಎಂಎಂ ಲೆನ್ಸು 20 ಅಡಿಗೆ ನಾಲ್ಕು ಅಡಿಗೆ ಸ್ವಲ್ಪ ಕಡಿಮೆ ಕೊಡುತ್ತದೆ. ಸೂಪರ್ 8ನ್ನು ಟೆಂಟ್ ಸಿನಿಮಾದಷ್ಟು ಎಳೆಯಬೇಡಿ, ಮಂಕಾಗುತ್ತದೆ.

400 ಅಡಿಯ ಸೂಪರ್ 8 ರೀಲು 18ರ ವೇಗದಲ್ಲಿ ಸುಮಾರು 27 ನಿಮಿಷ, 24ರಲ್ಲಿ 20 ನಿಮಿಷ ಓಡುತ್ತದೆ. 16 ಎಂಎಂನ 400 ಅಡಿ 11 ನಿಮಿಷ ಮಾತ್ರ. ಯಂತ್ರದ ಮುಚ್ಚಳದಲ್ಲಿರುವ ಪುಟ್ಟ ಸ್ಪೀಕರಿಗಿಂತ ಹೊರಗಿನ ಸ್ಪೀಕರನ್ನು ಪರದೆಯ ಪಕ್ಕ ಇಡಿ. ಯಂತ್ರದ ಕಟಕಟ ಒಂದು ಕಡೆ, ಮಾತು ಇನ್ನೊಂದು ಕಡೆ ಆದಾಗಲೇ ಕೇಳಲು ಚೆನ್ನ. ಓಮ್ ಎಷ್ಟು ಅಂತ ಹಿಂದೆ ಬರೆದಿರುತ್ತದೆ, ಅದಕ್ಕಿಂತ ಕಡಿಮೆಯ ಸ್ಪೀಕರ್ ಹಾಕಬೇಡಿ. ಸ್ಪೀಕರಿನ ಅಯಸ್ಕಾಂತದ ಪಕ್ಕ ಮ್ಯಾಗ್ನೆಟಿಕ್ ರೀಲು ಇಡಬೇಡಿ.

ಬೇಸಿಗೆ ಸಂಜೆ ಎಲ್ಲರ ಮನೆಯಲ್ಲೂ ಕೂಲರ್ ಓಡುವಾಗ ಜೆಸ್ಕಾಂ ಲೈನಿನ ವೋಲ್ಟು ಕೆಳಗೆ ಬೀಳುತ್ತದೆ, ರಾತ್ರಿ ಏರುತ್ತದೆ. ವೋಲ್ಟು ಏರಿದರೆ ಬಲ್ಬಿನ ಆಯಸ್ಸು ಬೇಗ ಕರಗುತ್ತದೆ. ಟಿವಿ ಫ್ರಿಜ್ಜಿಗೆ ಹಾಕುವ ಸ್ಟೆಬಿಲೈಜರ್ ಸಾಕು, ವ್ಯಾಟ್ ಸಾಲುವುದಾ ನೋಡಿಕೊಳ್ಳಿ. ಶೋ ಮುಗಿದ ಮೇಲೆ ಬಲ್ಬು ಮಾತ್ರ ಆರಿಸಿ, ಮೋಟರ್, ಫ್ಯಾನ್ ಎರಡು ಮೂರು ನಿಮಿಷ ಓಡಲಿ. ನಡುವೆ ಕರೆಂಟು ಹೋದರೆ ಫ್ಯಾನೂ ನಿಲ್ಲುತ್ತದೆ. ಆಗ ಬಲ್ಬಿನ ಸ್ವಿಚ್ಚು ಆಫ್ ಮಾಡಿಡಿ, ಬಲ್ಬಿನ ಕಡೆಯ ಮುಚ್ಚಳ ತೆರೆದು ಗಾಳಿ ಬಿಡಿ. ಕರೆಂಟು ಬಂದ ಮೇಲೆ ಮೊದಲು ಮೋಟರ್, ಆಮೇಲೆ ಬಲ್ಬು.

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುತ್ತದೆ. ರೀಲುಗಳನ್ನು ತಗಡಿನ ಮೇಲ್ಛಾವಣಿಯ ಕೆಳಗೆ, ಅಟ್ಟದ ಮೇಲೆ ಇಡಬೇಡಿ. ಮನೆಯ ಒಳಕೋಣೆಯಲ್ಲಿ, ನೆಲಕ್ಕೆ ಹತ್ತಿರದ ಕಪಾಟಿನಲ್ಲಿ, ಡಬ್ಬಿ ಮಲಗಿಸಿ ಇಡಿ. ಪ್ರೊಜೆಕ್ಟರಿಗೆ ಹತ್ತಿ ಬಟ್ಟೆ ಹೊದಿಸಿ, ಪ್ಲಾಸ್ಟಿಕ್ ಬೇಡ. ತಿಂಗಳಿಗೊಮ್ಮೆ ಫಿಲ್ಮಿಲ್ಲದೆ ಐದು ನಿಮಿಷ ಓಡಿಸಿ, ಬೆಲ್ಟು ಒಂದೇ ಕಡೆ ಬಾಗಿ ಕೂರುವುದಿಲ್ಲ, ಗ್ರೀಸೂ ಗಟ್ಟಿಯಾಗುವುದಿಲ್ಲ.